ಜೇನು ಕೊಡದ ಜೇನು: ನಮ್ಮ ಬಡಗಿ ದುಂಬಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ವಿಜ್ಞಾನದ ಬಗ್ಗೆ ಏನಾದರೂ ಮಾತನಾಡಿ ಎಂದು ಕಾರ್ಯದರ್ಶಿಗಳು ಕೇಳಿಕೊಂಡಾಗ, ಕಂಪ್ಯೂಟರ್, ರಾಕೆಟ್ ಇವುಗಳ ಬಗ್ಗೆ ನೀವು ಬೇಕಾದಷ್ಟು ಕೇಳಿರುತ್ತೀರಿ, ನಾನು ನಿಮ್ಮ ಮನೆಯ ಸೂರಿನ ಕೆಳಗೇ ಇರುವ ಒಂದು ಜೀವಿಯ ಬಗ್ಗೆ ಹೇಳೋಣ ಎಂದುಕೊಂಡೆ. ಅದು ಒಂದು ಜೇನು. ಆದರೆ ಜೇನುತುಪ್ಪ ಕೊಡುವುದಿಲ್ಲ. ಅದಕ್ಕೆ ರಾಣಿ ಇಲ್ಲ, ಆಳುಗಳಿಲ್ಲ, ಮೇಣದ ಹುಟ್ಟು ಇಲ್ಲ. ತಾಯಿಯೊಬ್ಬಳೇ ಮನೆ ಕಟ್ಟಿ, ತಾನೇ ದುಡಿದು, ಮಕ್ಕಳಿಗೆ ಬುತ್ತಿ ಕಟ್ಟಿಡುತ್ತಾಳೆ. ಕನ್ನಡದಲ್ಲಿ ನಾವು ಅದನ್ನು ದುಂಬಿ ಎನ್ನುತ್ತೇವೆ, ಉರ್ದುವಿನಲ್ಲಿ ಭೌಂರಾ. ಮರ ಕೊರೆಯುವುದರಿಂದ ಬಡಗಿ ದುಂಬಿ ಎಂಬ ಹೆಸರೂ ಇದೆ.

ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಾನು ಮಾಡಿದ ಒಂದು ತಪ್ಪಿನಿಂದ ಇದನ್ನು ಕಲಿತೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಾನು ಮೇಷ್ಟ್ರಾಗಿ ಸೇರಿದ ಹೊಸತರಲ್ಲಿ ನಮ್ಮ ಶಾಲೆ ಹೆಂಚಿನ ಹಳೆಯ ಕಟ್ಟಡದಲ್ಲಿ ನಡೆಯುತ್ತಿತ್ತು. ಜಂತೆಗಳಲ್ಲಿ ಬೆರಳು ತೂರಿಸುವಷ್ಟು ದೊಡ್ಡ, ಬೈರಿಗೆಯಿಂದ ಕೊರೆದಂತೆ ದುಂಡನೆಯ ತೂತುಗಳು. ಫೆಬ್ರವರಿ, ಮಾರ್ಚ್ ಬಂತೆಂದರೆ ಕಪ್ಪು ದುಂಬಿಗಳು ಗುಂಯ್‌ಗುಡುತ್ತಾ ಓಡಾಡುವುವು, ನೆಲದ ಮೇಲೆ ಮರದ ಹುಡಿ ಉದುರುವುದು. ಹುಡುಗರು ಪಾಠ ಬಿಟ್ಟು ಮೇಲೆ ನೋಡುವರು. ವಿಜ್ಞಾನದ ಮೇಷ್ಟ್ರು ನಾನೇ ಆದ್ದರಿಂದ ಎಲ್ಲರೂ ನನ್ನನ್ನೇ ಕೇಳಿದರು. ನಾನು ಹಿಂದೆಮುಂದೆ ನೋಡದೆ, ಇವು ಸೂರನ್ನೇ ತಿಂದುಹಾಕುತ್ತವೆ ಎಂದು ಹೇಳಿ, ತೂತುಗಳಿಗೆಲ್ಲ ಸೀಮೆಎಣ್ಣೆ ಬಿಡಿಸಿ ಸಿಮೆಂಟು ಮೆತ್ತಿಸಿದೆ. ಎರಡು ದಿನ ಒಳಗಿನಿಂದ ಸದ್ದು ಬರುತ್ತಿತ್ತು. ಆಮೇಲೆ ನಿಂತಿತು.

ಆ ಬೇಸಿಗೆಯಲ್ಲಿ ಹೆಂಚು ಕೈಯಾಡಿಸಲು ವಯಸ್ಸಾದ ಬಡಗಿಯೊಬ್ಬರು ಬಂದರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಸಿಮೆಂಟು ಮೆತ್ತಿದ ಜಂತೆಯನ್ನು ನೋಡಿ, "ಯಾರು ಮಾಡಿಸಿದ್ದು ಇದು, ಮೇಷ್ಟ್ರೇ?" ಎಂದರು. "ನಾನೇ, ಚಾಚಾ" ಎಂದೆ. ಅವರು ಬೈಯಲಿಲ್ಲ. ಒಂದು ಹಳೆಯ ರೀಪನ್ನು ಇಳಿಸಿ ಉದ್ದಕ್ಕೆ ಸೀಳಿ ತೋರಿಸಿದರು. ಒಳಗೆ ನಯವಾದ ಸುರಂಗ. ಅದರಲ್ಲಿ ಸಾಲಾಗಿ ಪುಟ್ಟ ಕೋಣೆಗಳು. ಒಂದೊಂದರಲ್ಲೂ ಒಂದೊಂದು ಮರಿ, ಸತ್ತು ಒಣಗಿದ್ದವು. "ಗೆದ್ದಲು ಮರ ತಿನ್ನುತ್ತೆ, ಇದು ತಿನ್ನೋದಿಲ್ಲ. ಮನೆ ಮಾಡ್ಕೊಳ್ಳುತ್ತೆ ಅಷ್ಟೆ. ನಿಮಗೆ ಬೇಡ ಅಂದ್ರೆ ಜಂತೆಗೆ ಬಣ್ಣ ಹೊಡೆಸಿದ್ರೆ ಸಾಕಾಗಿತ್ತು. ಬಣ್ಣ ಹೊಡೆದ ಮರಕ್ಕೆ ಇದು ಹೆಚ್ಚಾಗಿ ಬಾಯಿ ಹಾಕೋದಿಲ್ಲ" ಎಂದರು.

ಪ್ರಾಣಿಶಾಸ್ತ್ರ ಓದಿ ಪದವಿ ಪಡೆದವನು ನಾನು. ಗೊತ್ತಿದ್ದವರು ಅವರು. ಆವತ್ತಿನಿಂದ ಈ ಜೀವಿಯನ್ನು ಗಮನಿಸಲು, ಓದಲು ಶುರುಮಾಡಿದೆ.

ಒಂಟಿ ಜೇನುಗಳ ಲೋಕ

ಜೇನು ಎಂದ ಕೂಡಲೇ ನಮಗೆ ನೆನಪಾಗುವುದು ಹೆಜ್ಜೇನು, ತುಡುವೆ, ಕೋಲುಜೇನು, ಮಿಸರಿ. ಇವೆಲ್ಲ ಗುಂಪಿನಲ್ಲಿ ಬಾಳುವಂಥವು. ಪವಿತ್ರ ಕುರ್‌ಆನಿನ 16ನೇ ಅಧ್ಯಾಯದ ಹೆಸರೇ 'ಅನ್‌ನಹ್ಲ್', ಅಂದರೆ ಜೇನುನೊಣ ಎಂಬುದು ನಿಮಗೆ ತಿಳಿದೇ ಇದೆ. ಆದರೆ ಪ್ರಪಂಚದಲ್ಲಿ ವಿಜ್ಞಾನಿಗಳು ಗುರುತಿಸಿರುವ ಜೇನು ಜಾತಿಗಳು 20,000ಕ್ಕೂ ಹೆಚ್ಚು. ಅವುಗಳಲ್ಲಿ ಹೆಚ್ಚಿನವು ಗುಂಪು ಕಟ್ಟುವುದಿಲ್ಲ, ತುಪ್ಪ ಕೂಡಿಡುವುದಿಲ್ಲ. ಒಂಟಿಯಾಗಿಯೇ ಬಾಳುತ್ತವೆ.

ಅಂಥವುಗಳಲ್ಲಿ ಅತಿ ದೊಡ್ಡವುಗಳ ಸಾಲಿಗೆ ಸೇರುವಂಥವು ಬಡಗಿ ದುಂಬಿಗಳು. ಇವುಗಳ ಕುಲಕ್ಕೆ 1802ರಲ್ಲಿ ಫ್ರಾನ್ಸಿನ ಲ್ಯಾಟ್ರೇಲ್ ಎಂಬ ವಿಜ್ಞಾನಿ ಕ್ಸೈಲೋಕೋಪ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ಮರ ಕಡಿಯುವವನು. ನಮ್ಮ ಹಳ್ಳಿಯವರು ಇಟ್ಟ ಹೆಸರಿಗೂ ಆ ವಿಜ್ಞಾನಿ ಇಟ್ಟ ಹೆಸರಿಗೂ ಎಷ್ಟು ಹೊಂದಿಕೆ ನೋಡಿ! ಪ್ರಪಂಚದಲ್ಲಿ ಈ ಕುಲದ ಸುಮಾರು 400ರಿಂದ 500 ಜಾತಿಗಳಿವೆ. ನಮ್ಮ ಕಡೆಯೂ ಹಲವು ಬಗೆಗಳು ಕಾಣಸಿಗುತ್ತವೆ. ಕ್ಸೈಲೋಕೋಪ ಲ್ಯಾಟಿಪೆಸ್ ಎಂಬುದು ಸುಮಾರು 3 ಸೆಂಟಿಮೀಟರ್ ಉದ್ದದ ಅಚ್ಚ ಕಪ್ಪು ದುಂಬಿ. ಬಿಸಿಲಿಗೆ ಅದರ ರೆಕ್ಕೆ ನವಿಲುಬಣ್ಣ ಹೊಳೆಯುತ್ತದೆ. ಕ್ಸೈಲೋಕೋಪ ಫೆನೆಸ್ಟ್ರಾಟ ಅದಕ್ಕಿಂತ ಚಿಕ್ಕದು. ಇನ್ನು ಕೆಲವು ಜಾತಿಗಳಲ್ಲಿ ಹೆಣ್ಣಿನ ಬೆನ್ನ ಮೇಲೆ ಹಳದಿ ಶಾಲು ಹೊದ್ದಂತೆ ರೋಮವಿರುತ್ತದೆ, ಗಂಡು ಮೈಯೆಲ್ಲ ಹೊಂಬಣ್ಣವಾಗಿರುತ್ತದೆ.

ಇಲ್ಲಿ ಚನ್ನರಾಯಪಟ್ಟಣದ ಕಡೆಯ ತೆಂಗಿನ ಬೆಳೆಗಾರರ ಮಕ್ಕಳಿಗೆ ಒಂದು ಮಾತು. ತೆಂಗಿನ ಸುಳಿ ಕೊರೆಯುವ ರೈನೋಸರಸ್ ದುಂಬಿ ಎಂಬ ಕೀಟ ನಿಮಗೆ ಗೊತ್ತು. ಹೆಸರಿನಲ್ಲಿ ದುಂಬಿ ಎಂದಿದ್ದರೂ ಅದು ಬೇರೆ, ಇದು ಬೇರೆ. ಅದಕ್ಕೆ ಮೂತಿಯ ಮೇಲೆ ಕೊಂಬು, ಬೆನ್ನ ಮೇಲೆ ಗಟ್ಟಿ ಚಿಪ್ಪು. ಅದು ರಾತ್ರಿ ಬಂದು ಹಸಿ ಸುಳಿಯನ್ನು ತಿನ್ನುತ್ತದೆ. ನಾನು ಹೇಳುತ್ತಿರುವ ದುಂಬಿಗೆ ಚಿಪ್ಪಿಲ್ಲ, ಕೊಂಬಿಲ್ಲ. ಹಗಲು ಹೂವಿಂದ ಹೂವಿಗೆ ಹಾರುತ್ತದೆ. ಹೆಸರು ಒಂದೇ ಎಂದು ಅದರ ತಪ್ಪಿಗೆ ಇದಕ್ಕೆ ಶಿಕ್ಷೆ ಕೊಡಬಾರದು.

ತಾಯಿಯ ಮನೆ, ಮಕ್ಕಳ ಬುತ್ತಿ

ಹೆಣ್ಣು ದುಂಬಿ ಒಣಗಿದ ಕೊಂಬೆ, ಬಿದಿರು, ಬೇಲಿಯ ಗೂಟ, ಬಣ್ಣವಿಲ್ಲದ ಜಂತೆ ಇವುಗಳನ್ನು ಹುಡುಕುತ್ತದೆ. ಹಸಿ ಮರ ಅದಕ್ಕೆ ಬೇಡ. ಗಟ್ಟಿ ದವಡೆಗಳಿಂದ ತನ್ನ ಮೈ ಹಿಡಿಸುವಷ್ಟೇ ಅಗಲದ ದುಂಡನೆಯ ಬಾಗಿಲು ಕೊರೆಯುತ್ತದೆ. ಸ್ವಲ್ಪ ಒಳಗೆ ಹೋದ ಮೇಲೆ ತಿರುಗಿ, ಮರದ ಎಳೆಯ ಗುಂಟ ಸುರಂಗ ಮಾಡುತ್ತದೆ. ನಮ್ಮ ಚಾಚಾ ಹೇಳಿದ್ದೇ ನಿಜ. ಮರದ ಹುಡಿಯನ್ನು ಅದು ತಿನ್ನುವುದಿಲ್ಲ. ಹೊರಗೆ ಚೆಲ್ಲುತ್ತದೆ, ಒಂದಿಷ್ಟನ್ನು ಕೋಣೆಯ ಗೋಡೆಗೆಂದು ಉಳಿಸಿಕೊಳ್ಳುತ್ತದೆ.

ಮನೆಯಾದ ಮೇಲೆ ಬುತ್ತಿಯ ಕೆಲಸ. ಹೂವುಗಳಿಂದ ಪರಾಗ, ಮಕರಂದ ತಂದು ಕಲಸಿ ಒಂದು ಉಂಡೆ ಮಾಡುತ್ತದೆ. ಅದನ್ನು ಸುರಂಗದ ಕೊನೆಯಲ್ಲಿಟ್ಟು, ಅದರ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ನಂತರ ಮರದ ಹುಡಿಯನ್ನು ಜೊಲ್ಲಿನಲ್ಲಿ ಕಲಸಿ ಅಡ್ಡಗೋಡೆ ಕಟ್ಟುತ್ತದೆ. ಮತ್ತೆ ಇನ್ನೊಂದು ಉಂಡೆ, ಇನ್ನೊಂದು ಮೊಟ್ಟೆ, ಇನ್ನೊಂದು ಗೋಡೆ. ಹೀಗೆ ಒಂದು ಸುರಂಗದಲ್ಲಿ ಕೆಲವೇ ಕೋಣೆಗಳು. ತುಡುವೆಯ ರಾಣಿ ದಿನಕ್ಕೆ ನೂರಾರು ಮೊಟ್ಟೆ ಇಟ್ಟರೆ, ಇದರ ಇಡೀ ಸಂಸಾರ ಕೈಬೆರಳಿನಲ್ಲಿ ಎಣಿಸುವಷ್ಟು. ಆದರೆ ಮೊಟ್ಟೆ ಮಾತ್ರ ಕೀಟಲೋಕದಲ್ಲೇ ಅತಿ ದೊಡ್ಡವುಗಳ ಸಾಲಿಗೆ ಸೇರುತ್ತದೆ. ದೊಡ್ಡ ಜಾತಿಗಳಲ್ಲಿ ಅದು ಒಂದೂವರೆ ಸೆಂಟಿಮೀಟರ್‌ವರೆಗೂ ಉದ್ದವಿರುತ್ತದೆ.

ಮೊಟ್ಟೆಯೊಡೆದ ಮರಿ ತಾಯಿ ಇಟ್ಟ ಬುತ್ತಿಯನ್ನೇ ತಿಂದು ಬೆಳೆದು, ಕೋಶಾವಸ್ಥೆ ದಾಟಿ ದುಂಬಿಯಾಗುತ್ತದೆ. ಹೊರಬಂದ ಮೇಲೂ ಮಕ್ಕಳು ಕೂಡಲೇ ಮನೆ ಬಿಡುವುದಿಲ್ಲ. ಕೆಲವು ದಿನ ಗೂಡಿನಲ್ಲೇ ಉಳಿಯುತ್ತವೆ, ತಾಯಿ ಆಹಾರ ತಂದು ಕೊಡುವುದೂ ಉಂಟು. ಒಂಟಿ ಜೇನು ಎಂದು ಕರೆದರೂ ಕೆಲವೊಮ್ಮೆ ತಾಯಿ ಮಗಳು ಒಂದೇ ಸೂರಿನಲ್ಲಿ ಬಾಳುತ್ತವೆ. ಹಳೆಯ ಗೂಡನ್ನೇ ಸರಿಪಡಿಸಿಕೊಂಡು ಮುಂದಿನ ತಲೆಮಾರು ಸಂಸಾರ ಹೂಡುತ್ತದೆ. ಹೀಗಾಗಿ ಒಂದು ತೂತನ್ನು ಮುಚ್ಚಿದರೆ ಆ ವರ್ಷದ ಮರಿಗಳಷ್ಟೇ ಅಲ್ಲ, ಮುಂದೆ ಬರುವವುಗಳ ಮನೆಯೂ ಹೋಯಿತು. ಕೆಲವು ಜಾತಿಯ ಹೆಣ್ಣುಗಳ ಹೊಟ್ಟೆಯ ಬುಡದಲ್ಲಿ ಒಂದು ಪುಟ್ಟ ಕಿಸೆಯೇ ಇದೆ. ಅದರೊಳಗೆ ನುಸಿಯಂಥ ಸಣ್ಣ ಜೀವಿಗಳು ವಾಸವಾಗಿದ್ದು, ದುಂಬಿಯ ಜೊತೆಗೇ ಗೂಡಿನಿಂದ ಗೂಡಿಗೆ ಸಾಗುತ್ತವೆ. ಒಂಟಿಯೆಂಬ ಜೀವಿಯೂ ಪೂರ್ತಿ ಒಂಟಿಯಲ್ಲ!

ಕಚ್ಚುತ್ತದೆಯೇ ಎಂದು ನೀವು ಕೇಳುತ್ತೀರಿ. ಮುಖದ ಮುಂದೆ ಬಂದು ಗುಂಯ್ ಎಂದು ನಿಂತು ಹೆದರಿಸುವುದು ಹೆಚ್ಚಾಗಿ ಗಂಡು. ತನ್ನ ಜಾಗ ಕಾಯುತ್ತಿರುತ್ತದೆ. ಅದಕ್ಕೆ ಮುಳ್ಳೇ ಇಲ್ಲ. ಹೆಣ್ಣಿಗೆ ಮುಳ್ಳಿದೆ. ಆದರೆ ಕೈಯಲ್ಲಿ ಹಿಡಿದು ಒತ್ತಿದರೆ ಅಥವಾ ಗೂಡಿಗೆ ಕೈ ಹಾಕಿದರೆ ಮಾತ್ರ ಚುಚ್ಚುತ್ತದೆ. ಹೆಜ್ಜೇನಿನಂತೆ ಅಟ್ಟಿಸಿಕೊಂಡು ಬರುವುದಿಲ್ಲ.

ಬದನೆ ಹೂವಿನ ಬೀಗ

ಇನ್ನು ಇದರಿಂದ ನಮಗೇನು ಪ್ರಯೋಜನ? ನಾಳೆ ಬೆಳಿಗ್ಗೆ ಹಿತ್ತಲಿನ ಬದನೆ ಹೂವನ್ನು ನೋಡಿ. ಬೇರೆ ಹೂವುಗಳಲ್ಲಿ ಪರಾಗಕೋಶ ಉದ್ದಕ್ಕೆ ಬಿರಿದು ಪರಾಗ ಹೊರಬೀಳುತ್ತದೆ. ಬದನೆ, ಟೊಮೇಟೊ, ನಮ್ಮ ಹಾಸನದ ಹೆಸರಾಂತ ಆಲೂಗೆಡ್ಡೆ, ಇವುಗಳ ಹೂವುಗಳಲ್ಲಿ ಹಾಗಲ್ಲ. ಪರಾಗ ಹಳದಿ ಕೊಳವೆಗಳೊಳಗೆ ಬಂದಿಯಾಗಿರುತ್ತದೆ. ಬದನೆ, ಆಲೂಗೆಡ್ಡೆಗಳಲ್ಲಿ ಹೊರಬರಲು ಕೊಳವೆಯ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ ಮಾತ್ರ. ಉಪ್ಪಿನ ಡಬ್ಬಿ ಅಲುಗಾಡಿಸಿದರೆ ತಾನೇ ಉಪ್ಪು ಉದುರುವುದು? ಹಾಗೆ.

ಬಡಗಿ ದುಂಬಿ ಬಂದು ಆ ಕೊಳವೆಗಳನ್ನು ಅಪ್ಪಿಕೊಳ್ಳುತ್ತದೆ. ರೆಕ್ಕೆ ಬಡಿಯದೆ, ಹಾರಾಟದ ಸ್ನಾಯುಗಳನ್ನು ಮಾತ್ರ ಅದುರಿಸುತ್ತದೆ. ಆಗ 'ಝಿಂಯ್' ಎಂಬ ಚಿಕ್ಕ ಸದ್ದು ನಿಮಗೂ ಕೇಳಿಸುತ್ತದೆ. ಆ ಕಂಪನಕ್ಕೆ ಪರಾಗ ಹುಡಿಯಾಗಿ ಚಿಮ್ಮಿ ದುಂಬಿಯ ಹೊಟ್ಟೆಗೆ ಅಂಟಿಕೊಳ್ಳುತ್ತದೆ. ನಾವು ಸಾಕುವ ತುಡುವೆಗೆ ಈ ವಿದ್ಯೆ ಬರುವುದಿಲ್ಲ. ಗಾಳಿಗೆ ಅಲುಗಿಯೂ ಬದನೆ ಸ್ವಲ್ಪಮಟ್ಟಿಗೆ ಕಾಯಿ ಕಟ್ಟುತ್ತದೆ. ಆದರೆ ಹೂವನ್ನು ಅದುರಿಸಬಲ್ಲ ಜೇನು ಬಂದರೆ ಫಸಲು ಹೆಚ್ಚುತ್ತದೆ. ಆಲೂಗೆಡ್ಡೆಯಲ್ಲಿ ನಾವು ತಿನ್ನುವುದು ಗೆಡ್ಡೆಯಾದ್ದರಿಂದ ಅಲ್ಲಿ ಈ ಪ್ರಶ್ನೆ ಬರುವುದಿಲ್ಲ.

ಇದನ್ನು ಪ್ರಯೋಗ ಮಾಡಿ ನೋಡಬಹುದು. ಶಾಲೆಯ ಪ್ರಯೋಗಶಾಲೆಯಲ್ಲಿ ಶಬ್ದದ ಪಾಠಕ್ಕೆ ಟ್ಯೂನಿಂಗ್ ಫೋರ್ಕ್ ಇರುತ್ತದಲ್ಲ, ಅದನ್ನು ಬಡಿದು, ಅದುರುವಾಗ ಹೊಸದಾಗಿ ಅರಳಿದ ಬದನೆ ಹೂವಿಗೆ ತಾಗಿಸಿ. ಕೆಳಗೆ ಕಪ್ಪು ಕಾಗದ ಹಿಡಿಯಿರಿ. ಪರಾಗ ಉದುರುವುದು ಕಣ್ಣಿಗೆ ಕಾಣುತ್ತದೆ. ಭೌತಶಾಸ್ತ್ರದ ಪಾಠವೂ ಆಯಿತು, ಜೀವಶಾಸ್ತ್ರದ ಪಾಠವೂ ಆಯಿತು.

ಬದನೆಯೊಂದೇ ಅಲ್ಲ. ಅವರೆ, ತೊಗರಿಗಳು ಸ್ವಂತ ಪರಾಗದಿಂದಲೂ ಕಾಯಿ ಕಟ್ಟಬಲ್ಲವು. ಆದರೂ ಅವುಗಳ ದೋಣಿಯಂತಹ ಎಸಳನ್ನು ತನ್ನ ಭಾರದಿಂದ ಒತ್ತಿ ತೆರೆದು, ಗಿಡದಿಂದ ಗಿಡಕ್ಕೆ ಪರಾಗ ದಾಟಿಸುವುದು ಬಡಗಿ ದುಂಬಿಯಂಥ ಬಲಶಾಲಿ ಜೇನುಗಳು. ಗದ್ದೆಗೆ ಹಸಿರುಗೊಬ್ಬರವಾಗುವ ಸೆಣಬಿನ ಬೀಜ ಬೇಕಾದರೆ ಈ ದುಂಬಿಯೂ ಎಲೆ ಕತ್ತರಿಸುವ ಜೇನೂ ಬೇಕು. ರಸ್ತೆಬದಿಯ ಎಕ್ಕದ ಗಿಡವನ್ನು ನೋಡಿ. ಅದರ ಪರಾಗ ಪುಡಿಯಲ್ಲ, ಜೋಡಿ ಚೀಲಗಳು. ದುಂಬಿಯ ಕಾಲಿಗೆ ಸಿಕ್ಕಿಕೊಂಡು ಅವು ಇನ್ನೊಂದು ಹೂವಿಗೆ ಹೋಗುತ್ತವೆ. ದುಂಬಿಯಲ್ಲಿ ತಪ್ಪೇ ಇಲ್ಲವೆಂದು ನಾನು ಹೇಳುವುದಿಲ್ಲ. ಉದ್ದ ಕೊಳವೆಯ ಕೆಲವು ಹೂವುಗಳ ಬುಡವನ್ನು ಸೀಳಿ, ಪರಾಗ ಮುಟ್ಟದೆ ಮಕರಂದ ಕದಿಯುವುದೂ ಇದರ ಅಭ್ಯಾಸ.

ಬ್ರೆಜಿಲ್ ದೇಶದಲ್ಲಿ ಪ್ಯಾಶನ್ ಫ್ರೂಟ್ ಹಣ್ಣಿನ ತೋಟಗಳಿವೆ. ಆ ದೊಡ್ಡ ಹೂವಿಗೆ ಸಾಮಾನ್ಯ ಜೇನುನೊಣ ಸಾಲದು, ಬಡಗಿ ದುಂಬಿಯೇ ಬೇಕು. ಅದಕ್ಕಾಗಿ ಅಲ್ಲಿನ ವಿಜ್ಞಾನಿಗಳು ಮರದ ಗೂಡುಪೆಟ್ಟಿಗೆಗಳನ್ನು ಮಾಡಿ ತೋಟದಲ್ಲಿಟ್ಟು ದುಂಬಿಗಳನ್ನು ನೆಲೆಗೊಳಿಸಿದ್ದಾರೆ. ಅವರು ಮನೆ ಕಟ್ಟಿಕೊಟ್ಟರು. ನಾನು ಸೀಮೆಎಣ್ಣೆ ಬಿಡಿಸಿದೆ.

ನಮ್ಮಲ್ಲೂ ಇದರ ಅಧ್ಯಯನ ನಡೆದಿದೆ. ಹೇಮಾ ಸೋಮನಾಥನ್ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಅವರು ಮಹಾರಾಷ್ಟ್ರದ ಸಹ್ಯಾದ್ರಿಯ ಭೀಮಾಶಂಕರದಲ್ಲಿ, ವಿದೇಶದ ವಿಜ್ಞಾನಿಗಳೂ ಸೇರಿದಂತೆ, ಬಡಗಿ ದುಂಬಿಗಳನ್ನು ಅಭ್ಯಾಸ ಮಾಡಿದರು. ಅಲ್ಲಿನ ಕ್ಸೈಲೋಕೋಪ ಟ್ರಾಂಕ್ವಿಬಾರಿಕ ಎಂಬ ಜಾತಿ ಚಂದ್ರನಿಲ್ಲದ ರಾತ್ರಿಯಲ್ಲೂ ಹಾರಿ ಹೂವು ಹುಡುಕಬಲ್ಲದು ಎಂದು 2008ರಲ್ಲಿ ಪ್ರಕಟಿಸಿದರು. ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಈ ಇಬ್ಬರೂ ವಿಜ್ಞಾನಿಗಳು ಮಹಿಳೆಯರು.

ಮನೆ ಕಳೆದುಕೊಳ್ಳುತ್ತಿರುವ ಬಡಗಿ

ಈಗ ನಮ್ಮ ನಾಲ್ಕು ತಾಲ್ಲೂಕುಗಳ ಕಡೆ ನೋಡೋಣ. ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂತು. ಮನೆ ಭದ್ರವಾಗಬೇಕು, ಅದು ತಪ್ಪಲ್ಲ. ಬೇಲಿಯ ಗೂಟ ಹೋಗಿ ಕಲ್ಲುಕಂಬ, ತಂತಿ ಬಂತು. ಒಣಕೊಂಬೆ ಒಲೆಗೆ ಹೋಗುತ್ತದೆ. ಅರಕಲಗೂಡಿನ ಕಡೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳಿಗೂ ಸೌದೆ ಬೇಕು. ಹೊಳೆನರಸೀಪುರದ ಕಡೆ ಹೇಮಾವತಿ ನಾಲೆಯ ನೀರು ಹರಿದಲ್ಲೆಲ್ಲ ಬದುವಿನವರೆಗೂ ಬೆಳೆ. ಪ್ರತಿಯೊಂದಕ್ಕೂ ತಕ್ಕ ಕಾರಣವಿದೆ. ಎಲ್ಲ ಕೂಡಿದಾಗ ದುಂಬಿಗೆ ಕೊರೆಯಲು ಒಣಮರ ಸಿಗುವುದಿಲ್ಲ. ನಾವು ಕಸ ಎಂದುಕೊಂಡದ್ದೇ ಅದರ ಮನೆಯಾಗಿತ್ತು.

ಇನ್ನೊಂದು ಔಷಧಿ ಹೊಡೆಯುವ ವಿಷಯ. ಇಮಿಡಾಕ್ಲೋಪ್ರಿಡ್, ಥಯಾಮಿಥಾಕ್ಸಾಮ್ ಹೆಸರು ನಿಮ್ಮ ಮನೆಯ ಔಷಧಿ ಡಬ್ಬಿಗಳ ಮೇಲೆ ಇರಬಹುದು, ಓದಿ ನೋಡಿ. ಜೇನುಗಳಿಗೆ ಅಪಾಯವೆಂದು ಯುರೋಪಿನ ಒಕ್ಕೂಟ 2018ರಲ್ಲಿ ಇವೆರಡನ್ನೂ ಇಂಥದೇ ಇನ್ನೊಂದನ್ನೂ ಬಯಲಿನ ಬೆಳೆಗಳಿಗೆ ಬಳಸದಂತೆ ನಿಷೇಧಿಸಿತು. ನಾಳೆಯಿಂದ ಔಷಧಿಯೇ ಬೇಡ ಎಂದು ನಾನು ಹೇಳಿದರೆ ನಿಮ್ಮ ತಂದೆಯವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಹೂವು ತುಂಬಿದ ಗಿಡಕ್ಕೆ ಬೆಳಿಗ್ಗೆ ದುಂಬಿ ಓಡಾಡುವ ಹೊತ್ತಿನಲ್ಲಿ ಹೊಡೆಯುವುದು ಬೇಡ, ಅನಿವಾರ್ಯವಾದರೆ ಸಂಜೆ ಹೊಡೆಯೋಣ ಎಂದು ಹೇಳಬಹುದಲ್ಲವೇ?

ತುಡುವೆ ಪೆಟ್ಟಿಗೆ ಇದ್ದರೆ ಸಾಕು, ಈ ಕಾಡುದುಂಬಿ ಏಕೆ ಎಂದು ಕೇಳುವವರಿದ್ದಾರೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಪೆಟ್ಟಿಗೆಗಳು ಖಾಲಿಯಾದವು. ಹೂವುಗಳ ಕೆಲಸವನ್ನೆಲ್ಲ ಒಂದೇ ಜಾತಿಯ ಮೇಲೆ ಹೊರಿಸಿದರೆ ಅದು ಬಿದ್ದ ದಿನ ಕೈಹಿಡಿಯಲು ಯಾರೂ ಇರುವುದಿಲ್ಲ.

ನಿಮಗೊಂದು ಕೆಲಸ

ವಿದ್ಯಾರ್ಥಿ ಮಿತ್ರರೇ, ದೊಡ್ಡ ಖರ್ಚಿನ ಕೆಲಸವನ್ನು ನಾನು ಹೇಳುವುದಿಲ್ಲ. ಹಿತ್ತಲಿನ ಮೂಲೆಯಲ್ಲಿ ಒಂದು ಒಣಕೊರಡನ್ನು ಒಲೆಗೆ ಹಾಕದೆ ಬಿಡಿ. ಒಣಬಿದಿರನ್ನು ಒಂದು ಕಡೆ ಗೆಣ್ಣು ಉಳಿಯುವಂತೆ ಒಂದು ಗೇಣುದ್ದಕ್ಕೆ ಕೊಯ್ದು, ಹತ್ತು ಹದಿನೈದನ್ನು ಕಂತೆ ಕಟ್ಟಿ, ಮಳೆ ತಾಗದ ಸೂರಿನಡಿ ಅಡ್ಡಲಾಗಿ ಅಲುಗದಂತೆ ಕಟ್ಟಿ. ದಪ್ಪ ಬಿದಿರಿಗೆ ಬಡಗಿ ದುಂಬಿ ಬರಬಹುದು, ಸಣ್ಣ ತೂತಿನದಕ್ಕೆ ಗುಲಾಬಿ ಎಲೆಯನ್ನು ದುಂಡಗೆ ಕತ್ತರಿಸಿಕೊಂಡು ಹೋಗುವ ಜೇನು ಬರಬಹುದು. ಮೊದಲ ವರ್ಷ ಬರದಿದ್ದರೆ ಬೇಸರಪಡಬೇಡಿ. ಸೂರಿನ ಜಂತೆಗೆ ಬಂದು ತೊಂದರೆಯಾದರೆ ಮರಿಗಳು ಹಾರಿಹೋದ ಮೇಲೆ ತೂತು ಮುಚ್ಚಿ ಬಣ್ಣ ಹೊಡೆಸಿ, ಜೊತೆಗೆ ಹತ್ತಿರದಲ್ಲೇ ಒಂದು ಕೊರಡನ್ನೂ ಇಡಿ.

ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ತಿಂಗಳು ದುಂಬಿ ಕಂಡಿತು, ಯಾವ ಹೂವಿನ ಮೇಲೆ, ಎಷ್ಟು ಹೊತ್ತಿಗೆ, ಗೂಡು ಯಾವ ಮರದಲ್ಲಿ, ಇಷ್ಟನ್ನೇ ಬರೆಯಿರಿ. ನಾಲ್ಕು ತಾಲ್ಲೂಕಿನಿಂದ ಹತ್ತು ಹತ್ತು ನೋಟ್‌ಬುಕ್ ಬಂದರೂ ಸಾಕು, ಮುಂದಿನ ವರ್ಷದ ಸಂಚಿಕೆಯಲ್ಲಿ ನನ್ನ ಭಾಷಣದ ಬದಲು ನಿಮ್ಮ ಲೇಖನ ಅಚ್ಚಾಗಲಿ ಎಂದು ಸಂಪಾದಕರನ್ನು ನಾನೇ ಕೇಳಿಕೊಳ್ಳುತ್ತೇನೆ.

ಚಾಚಾ ಈಗ ಇಲ್ಲ. ಅವರು ಸೀಳಿ ತೋರಿಸಿದ ಆ ರೀಪಿನ ತುಂಡು ನನ್ನ ಮೇಜಿನ ಮೇಲೆ ಇನ್ನೂ ಇದೆ. ನನ್ನ ಮನೆಯ ಹಿಂದೆ ಹಳೆಯ ಹಲಸಿನ ಕೊರಡೊಂದನ್ನು ಇಟ್ಟಿದ್ದೇನೆ. ಕಳೆದ ಮಾರ್ಚಿನಲ್ಲಿ ಅದರ ಕೆಳಗೆ ಹಿಡಿಯಷ್ಟು ಮರದ ಹುಡಿ ಬಿದ್ದಿತ್ತು. ಮನೆಯವರು ಗುಡಿಸಲು ಹೋದಾಗ, ಎರಡು ದಿನ ಇರಲಿ ಬಿಡಿ ಎಂದೆ.